ಫ್ಲೇಮ್ ಸೀಡ್‌ಲೆಸ್ ದ್ರಾಕ್ಷಿ ಬಗ್ಗೆ ಸ್ಪಷ್ಟನೆ

ಫ್ಲೇಮ್ ಸೀಡ್‌ಲೆಸ್ ಕೆಂಪು ದ್ರಾಕ್ಷಿ ಕುಲಾಂತರಿ, ಅದರ ಸಸಿಗಳ ಮೂಲ ಗುರುತಿಸುವ ಸೆಲೆಕ್ಷನ್ ನಂಬರ್‌ಗಳೆಲ್ಲ ಬೇರೆ ಬೇರೆ ತಳಿ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಕಾರ್ಡಿನಲ್, ಥಾಮ್ಸನ್ ಸೀಡ್‌ಲೆಸ್, ರೆಡ್ ಮಲಾಗ ಮುಂತಾದ ತಳಿಗಳನ್ನು ಪರಾಗಸ್ಪರ್ಶದಿಂದಲೇ ಬೆರೆಸಿ 1973ರಲ್ಲಿ ಬಿಡುಗಡೆ ಮಾಡಿದ್ದು ಇದು. ಕುಲಾಂತರಿ ಗಿಡಗಳು ಆಗಿನ್ನೂ ಹುಟ್ಟೇ ಇರಲಿಲ್ಲ. ಬೀಜ ಇಲ್ಲದ ಗುಣ ಥಾಮ್ಸನ್ ಕಡೆಯದು. ಹಣ್ಣು ಸೀಳಿ ನೋಡಿ, ಅರ್ಧಕ್ಕೇ ಬೆಳವಣಿಗೆ ನಿಂತ ಮೆತ್ತನೆ ಬೀಜದ ಗುರುತು ಕೆಲವೊಮ್ಮೆ ಕಾಣುತ್ತದೆ.

ಇನ್ನು ನಂಬರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಫೌಂಡೇಶನ್ ಪ್ಲಾಂಟ್ ಸರ್ವೀಸಸ್ ಅನ್ನೋ ಸಂಸ್ಥೆಯಲ್ಲಿ ವೈರಸ್ ಪರೀಕ್ಷೆ ಮಾಡಿ ನೋಂದಾಯಿಸುವ ತಾಯಿಬಳ್ಳಿ (ಸಸಿಗಾಗಿ ಕಡ್ಡಿ ತೆಗೆಯುವ ಬಳ್ಳಿ) ಯಾವ ಮೂಲದ್ದು ಅಂತ ಗುರುತಿಸೋಕೆ ಅದು, ತಳಿ ಒಂದೇ. ನಂಬರ್ ನೋಡಿ ಸಸಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ, ರೋಗಪರೀಕ್ಷೆಯ ದಾಖಲೆ ಕೇಳಿ. ಆ ಮೆಸೇಜ್ ಫಾರ್ವರ್ಡ್ ಮಾಡೋದನ್ನು ದಯವಿಟ್ಟು ನಿಲ್ಲಿಸಿ.