ಕಟ್ಟೆಯ ಮೇಲಿನ ನಾಗರಕಲ್ಲಿಗೆ ಪೇಂಟ್ ಬಳಿಯಬೇಡಿ

ನಾಗರಪಂಚಮಿಯಂದು ಊರಿನ ಅಶ್ವತ್ಥಕಟ್ಟೆಗೆ ಹಾಲೆರೆಯಲು ಹೋದವನಿಗೆ ಹೊಟ್ಟೆ ಉರಿದುಹೋಯಿತು. ಸಾಲಾಗಿ ನಿಂತ ನಾಗರಕಲ್ಲುಗಳಿಗೆಲ್ಲ ಬೆಳ್ಳಿ ಬಣ್ಣದ ಆಯಿಲ್ ಪೇಂಟ್ ಬಳಿದಿದ್ದಾರೆ, ಬುಡಕ್ಕೆ ಗೇಣೆತ್ತರ ಸಿಮೆಂಟ್ ಮೆತ್ತಿದ್ದಾರೆ. ಜೀರ್ಣೋದ್ಧಾರ ಮಾಡಿದವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಕಲ್ಲುಗಳನ್ನು ಶಿಲ್ಪವೆಂದು ಯಾರೂ ನೋಡಲೇ ಇಲ್ಲ.

ಬಾದಾಮಿಯ ಮೊದಲ ಗುಹೆಯ ಮುಖಮಂಟಪದಲ್ಲಿ ಕತ್ತೆತ್ತಿದರೆ ಛಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜ ಕಾಣುತ್ತಾನೆ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವಿಷ್ಣು ಆದಿಶೇಷನನ್ನೇ ಪೀಠ ಮಾಡಿಕೊಂಡು ಕುಳಿತಿದ್ದಾನೆ. ಅಲ್ಲಿ ನಾವೆಲ್ಲ ಮೈಮರೆತು ನಿಲ್ಲುತ್ತೇವೆ, ಮುಟ್ಟಲೂ ಹಿಂಜರಿಯುತ್ತೇವೆ. ನಮ್ಮ ಕಟ್ಟೆಯ ಕಲ್ಲು ಅದೇ ಮನೆತನದ್ದಲ್ಲವೇ?

ಬಾದಾಮಿಗಿಂತಲೂ ಹಳೆಯದು ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆ. ಐದು ಹೆಡೆಯ ಸರ್ಪ, ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಕದಂಬರಿಗೂ ಮೊದಲು ಬನವಾಸಿಯನ್ನಾಳಿದ ಚುಟು ವಂಶದ ಅರಸನ ಮಗಳು ನಾಗಶ್ರೀ ಈ ನಾಗನನ್ನೂ ಒಂದು ಕೆರೆಯನ್ನೂ ಭಿಕ್ಷುಗಳು ತಂಗುವ ಒಂದು ವಿಹಾರವನ್ನೂ ದಾನ ಮಾಡಿದಳೆಂದು ಅದು ಹೇಳುತ್ತದೆ. ನಾಗ, ನೀರು, ವಿಹಾರ ಒಂದೇ ಉಸಿರಿನಲ್ಲಿ! ಕೆತ್ತಿದ ಶಿಲ್ಪಿಯ ಹೆಸರನ್ನೂ ಶಾಸನ ಬಿಟ್ಟಿಲ್ಲ: ಅವನ ಹೆಸರು ನಟಕ.

ಅಪ್ಪ ಹುಟ್ಟುವ ಮೊದಲು ನಮ್ಮಜ್ಜಿ ಹರಕೆ ಹೊತ್ತು ನಿಲ್ಲಿಸಿದ ಕಲ್ಲೂ ಈ ಸಾಲಿನಲ್ಲಿದೆ. ಕೆತ್ತಿಸಿ, ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಪ್ರತಿಷ್ಠೆ ಮಾಡಿಸಿದ್ದಂತೆ. ಅದರಲ್ಲಿ ಹೆಸರಿಲ್ಲ, ಅಕ್ಷರವಿಲ್ಲ. ಎರಡು ಹಾವುಗಳು ಜಡೆಯಂತೆ ಮೂರು ಸಲ ಹೆಣೆದುಕೊಂಡು ಮೇಲೇರಿ ಎದುರುಬದುರಾಗಿ ಹೆಡೆಯೆತ್ತಿವೆ, ನಡುವೆ ಹೆಬ್ಬೆರಳುದ್ದದ ಲಿಂಗ. ಒಂದು ಹಾವು ಇನ್ನೊಂದರ ಅಡಿಗೆ ಸರಿಯುವ ಕಡೆ ಶಿಲ್ಪಿ ಕಲ್ಲನ್ನು ಕೂದಲೆಳೆಯಷ್ಟು ಒಳಕ್ಕೆ ತಗ್ಗಿಸಿದ್ದಾನೆ. ಅರಿಶಿನ ಹಚ್ಚುವಾಗ ಬೆರಳಿಗೆ ಆ ತಗ್ಗು ಸಿಗುತ್ತಿತ್ತು. ಹೊಟ್ಟೆಯ ಮೇಲೆ ಉಳಿಯಿಂದ ಎಳೆದ ಅಡ್ಡಗೆರೆಗಳೂ ಸಿಗುತ್ತಿದ್ದವು. ಈ ಸಲ ನುಣ್ಣನೆಯ ಪೇಂಟ್ ಬಿಟ್ಟು ಬೇರೇನೂ ಸಿಗಲಿಲ್ಲ.

ಅರಿಶಿನ, ಹಾಲು, ಎಣ್ಣೆಯಿಂದ ಕಲ್ಲು ಕಪ್ಪಾದರೆ ನನಗೆ ಬೇಸರವಿಲ್ಲ, ಪೂಜೆಗೊಳ್ಳುವ ಕಲ್ಲು ಹಾಗೆಯೇ ಇರುತ್ತದೆ. ಆದರೆ ಬಣ್ಣ ಬಳಿಯುವುದು, ಮೂಲೆ ಮುರಿದ ಹಳೆಯ ನಾಗನನ್ನು ಹೊಳೆಗೆ ಬಿಟ್ಟು ಹೊಸದನ್ನು ತರುವುದು ನಿಲ್ಲಬೇಕು. ನಿಮ್ಮೂರಿನ ಕಟ್ಟೆಯ ಕಲ್ಲುಗಳ ಫೋಟೊವನ್ನಾದರೂ ಈಗಲೇ ತೆಗೆದಿಟ್ಟುಕೊಳ್ಳಿ. ನಮ್ಮೂರಿನಲ್ಲಿ ಬಣ್ಣ ತೆಗೆಸಲು ಎಲ್ಲರೂ ಒಪ್ಪಿದ್ದಾರೆ. ಉಪ್ಪುಕಾಗದ ಹಿಡಿದು ಉಜ್ಜುವುದು ಬೇಡ, ಗೆರೆಗಳೂ ಅಳಿಸಿಹೋಗುತ್ತವೆ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ. ಹಳೆಯ ಕಲ್ಲನ್ನು ಕೆಡಿಸದೆ ಬಣ್ಣ ಬಿಡಿಸಬಲ್ಲವರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.