ಬುಧವಾರದ ಬಿಳಿ ಶೂ

ಶನಿವಾರ ಒಗೆದ ಕ್ಯಾನ್‌ವಾಸ್ ಶೂ ಮಂಗಳೂರಿನ ಜುಲೈಯಲ್ಲಿ ಬುಧವಾರಕ್ಕೆ ಒಣಗುವುದಿಲ್ಲವೆಂಬುದನ್ನು ಈ ಊರಿನ ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಗರ್ಜಿಯ ಪಕ್ಕದಲ್ಲಿರುವ, ತರಗತಿಗೊಂದೇ ವಿಭಾಗದ ನಮ್ಮ ಪುಟ್ಟ ಕಾನ್ವೆಂಟ್ ಶಾಲೆಗೆ ಮಾತ್ರ ಅದಿನ್ನೂ ತಿಳಿದಂತಿಲ್ಲ. ವಾರಕ್ಕೆರಡು ದಿನ ಬಿಳಿ ಶೂ ಎಂದರೆ ಬಿಳಿ ಶೂ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೊದಲ ಸಂನ್ಯಾಸಿನಿಯರು ಯುರೋಪಿನಿಂದ ಇಲ್ಲಿಗೆ ಬಂದಿಳಿದದ್ದು 1870ರ ನವೆಂಬರಿನಲ್ಲಿ. ನಮ್ಮ ಶಾಲೆ ಅವರದಲ್ಲ, ನಿಜ. ಆದರೂ ಅವರು ಜುಲೈಯಲ್ಲಿ ಬಂದಿಳಿದಿದ್ದರೆ ಈ ಕರಾವಳಿಯ ಯಾವ ಕಾನ್ವೆಂಟಿನಲ್ಲಿಯೂ ಬಿಳಿ ಬಣ್ಣದ ಸುದ್ದಿಯೇ ಇರುತ್ತಿರಲಿಲ್ಲವೆಂದು ನನ್ನ ಗುಮಾನಿ.

ಮೊನ್ನೆ ಮಂಗಳವಾರ ರಾತ್ರಿಯಿಡೀ ಶೂಗಳು ಹೊಟ್ಟೆಯೊಳಗೆ ಹಳೆಯ ಪೇಪರ್ ತುಂಬಿಕೊಂಡು ಫ್ರಿಡ್ಜಿನ ಹಿಂದೆ ಮಲಗಿದ್ದವು. ಬೆಳಿಗ್ಗೆ ಮುಟ್ಟಿ ನೋಡಿದರೆ ಪೇಪರೂ ಒದ್ದೆಯಾಗಿತ್ತು. ಹೇರ್ ಡ್ರೈಯರ್ ಹಚ್ಚಿದ ಮೂರನೆಯ ನಿಮಿಷಕ್ಕೆ ಕರೆಂಟ್ ಹೋಯಿತು. ಜಿಲ್ಲಾಧಿಕಾರಿಗಳು ರಜೆ ಘೋಷಿಸಿಯಾರೆಂದು ಮೊಬೈಲ್ ನೋಡುತ್ತಲೇ, ಅಡುಗೆಮನೆಯಲ್ಲಿ ಬಿಸಿ ಇರುವ ಏಕೈಕ ಜಾಗ ಒಲೆಯ ಮೇಲಿನದೆಂದು ಲೆಕ್ಕ ಹಾಕಿ, ಎರಡೂ ಶೂಗಳನ್ನು ಲೇಸಿನಿಂದ ಸೌಟಿಗೆ ಕಟ್ಟಿ, ಇಡ್ಲಿ ಬೇಯುತ್ತಿದ್ದ ತೊಂದೂರಿನ ಮೇಲೆ ಹಿಡಿದು ನಿಂತೆ. ಹಬೆಯಿಂದ ಬಟ್ಟೆ ಒಣಗುವುದಿಲ್ಲ, ಇನ್ನಷ್ಟು ನೆನೆಯುತ್ತದೆ ಎಂಬ ವಿಜ್ಞಾನವನ್ನು ನಾನು ಇದೇ ಶಾಲೆಯಲ್ಲಿ ಕಲಿತಿದ್ದೆ. ಹತ್ತು ನಿಮಿಷ ಕಳೆದ ಮೇಲೆ ಮಗಳು ಬಂದು ನೋಡಿ, "ಅಪ್ಪಾ, ಶೂ ಬೇಯ್ತಾ ಉಂಟು" ಎಂದಳು. ಅಮ್ಮ ಅಂದು ಇಡ್ಲಿ ಮುಟ್ಟಲಿಲ್ಲ, ಅವಲಕ್ಕಿ ಸಾಕೆಂದರು.

ರಜೆಯೂ ಬರಲಿಲ್ಲ. ಮೇಲೆ ಬಳಿದ ಬಿಳಿ ಪಾಲಿಶ್ ಗೇಟು ಮುಟ್ಟುವಷ್ಟರಲ್ಲಿ ಹಾಲಿನಂತೆ ಹರಿದು ಕಾಲುಚೀಲ ಸೇರಿತ್ತು. ಗೇಟಿನಲ್ಲಿ ಕೊಡೆ ಹಿಡಿದು ನಿಲ್ಲುವ ಈಗಿನ ಹೆಡ್‌ಮಿಸ್ ಸಿಸ್ಟರ್ ಮಕ್ಕಳನ್ನು ಗುರುತಿಸುವುದೇ ಪಾದಗಳಿಂದ. ನನ್ನ "ಗುಡ್ ಮಾರ್ನಿಂಗ್ ಸಿಸ್ಟರ್"ಗೂ ಅವರು ಮೊದಲು ನೋಡಿದ್ದು ನನ್ನ ಚಪ್ಪಲಿಯನ್ನೇ.

ನಮ್ಮ ಕಾಲದ ಸಿಸ್ಟರೂ ಅದೇ ಗೇಟಿನಲ್ಲಿ ನಿಲ್ಲುತ್ತಿದ್ದರು, ಬೈಯುತ್ತಲೂ ಇದ್ದರು. ಮಧ್ಯಾಹ್ನ 12ಕ್ಕೆ ಇಗರ್ಜಿಯ ಗಂಟೆ ಹೊಡೆದರೆ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ ಪ್ರಾರ್ಥನೆ ಮುಗಿಸಿ, ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದರು. ಆದರೆ ಅವರ ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣವಿರುತ್ತಿತ್ತು. ಕೆಸರಾದ ಶೂ ಕಂಡರೆ ಅದನ್ನು ಕೈಗಿಟ್ಟು, "ಬೇಗ ಹಚ್ಚು, ನಾನು ನೋಡಿಲ್ಲ" ಎಂದು ಇಗರ್ಜಿಯ ಕಡೆ ಮುಖ ತಿರುಗಿಸುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಈಗ ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್ ಬಂದಿದೆ; ಇಡೀ ಶಾಲೆಯಲ್ಲಿ ಹುಡುಕಿದರೂ ಸೀಮೆಸುಣ್ಣ ಸಿಗಲಿಕ್ಕಿಲ್ಲ.

ಸಂಜೆ ಮಗಳು ಡೈರಿ ತಂದು ಮುಂದಿಟ್ಟಳು. ಬ್ಯಾಗಿನೊಳಗೆ ನೀರು ಇಳಿದು, ಕೆಂಪು ಶಾಯಿಯಲ್ಲಿ ಬರೆದದ್ದೆಲ್ಲ ಹರಡಿ ಒಂದಕ್ಷರವೂ ಓದುವಂತಿರಲಿಲ್ಲ. ವಿಷಯ ಬಾಯಿಪಾಠವಿದ್ದುದರಿಂದ ಕೆಳಗೆ ಸಹಿ ಹಾಕಿ, ಶೂಗಳನ್ನು ಮತ್ತೆ ಫ್ರಿಡ್ಜಿನ ಹಿಂದಕ್ಕೆ ತಳ್ಳಿದೆ. ಶನಿವಾರಕ್ಕೆ ಇನ್ನು ಎರಡೇ ದಿನ ಉಳಿದಿತ್ತು.