ದಿನಕ್ಕೆ ಇನ್ನೂರು ಜೇಬು, ಒಂದೂ ಪ್ಯಾಂಟಿಲ್ಲ

ಮೊನ್ನೆ ಭಾನುವಾರ ಮಗಳು ನಮ್ಮ ಜೀನ್ಸ್ ಹೊಲಿಗೆ ಯೂನಿಟ್ಟಿನ ಕಟಿಂಗ್ ಟೇಬಲ್ ಮುಂದೆ ಕೂತು ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದಳು. ಮನೆ ತುಂಬ ನೆಂಟರು. ಯೂನಿಟ್ಟಿನಲ್ಲಾದರೆ ಭಾನುವಾರ ಮಿಷಿನ್ ಸದ್ದು ಇರುವುದಿಲ್ಲ. ನಾನು ಪಕ್ಕದಲ್ಲಿ ವಾರದ ಲೆಕ್ಕ ಬರೆಯುತ್ತಿದ್ದೆ. ಪ್ಯಾಟರ್ನ್ ಕತ್ತರಿಸಿ ಉಳಿದ ರಟ್ಟಿನ ಮೇಲೆ ಅವಳು ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ದೊಡ್ಡ ತ್ರಿಕೋನ ಬರೆದಳು. ಅಡ್ಡ ನಾಲ್ಕು ಗೆರೆ ಎಳೆದು ಐದು ಅಂತಸ್ತು ಮಾಡಿದಳು.

"ಅಪ್ಪಾ, ಕೇಳು. ನಿನಗೆ ಹೇಳಿದ್ರೆ ನನಗೂ ನೆನಪಿರುತ್ತೆ. ಮನುಷ್ಯನಿಗೆ ಬೇಕಾದ್ದು ಇವು. ಕೆಳಗೆ ಊಟ, ನೀರು, ನಿದ್ದೆ. ಅದರ ಮೇಲೆ ಭದ್ರತೆ. ಅದರ ಮೇಲೆ ಪ್ರೀತಿ, ನಮ್ಮವರು ಅನ್ನೋರು. ಆಮೇಲೆ ಮರ್ಯಾದೆ. ತುದೀಲಿ, ನಮ್ಮ ಕೈಲಿ ಏನಾಗೋಕೆ ಸಾಧ್ಯವೋ ಅದಾಗೋದು. ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ, 1943."

"ಇದನ್ನ ಹೇಳೋಕೆ ಅಮೆರಿಕದವನೇ ಬೇಕಿತ್ತಾ? ಹೊಟ್ಟೆ ತುಂಬಿದ ಮೇಲೆ ತಾನೇ ಮಿಕ್ಕಿದ್ದೆಲ್ಲ" ಅಂದೆ.

ಅವಳು ತಲೆ ಎತ್ತದೆ ಕೇಳಿದಳು, "ಹಂಗಾದ್ರೆ ಚಾಚಾ ಯಾಕೆ ಕೆಲಸ ಬಿಟ್ಟು ಹೋದ್ರು?"

ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಕೂಡಿಸಬೇಕಾಯಿತು.

ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ಮತ್ತು ಬಿಸಿಲು. ಆದರೆ ಈ ಊರಿನ ಎಷ್ಟೋ ಗಲ್ಲಿಗಳಲ್ಲಿ ಬೆಳಗಾದರೆ ಜೀನ್ಸ್ ಹೊಲಿಯುವ ಸದ್ದು. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೆಲ್ಲೋ. ನನ್ನದು ಹನ್ನೊಂದು ಮಿಷಿನ್‌ನ ಸಣ್ಣ ಯೂನಿಟ್. ಎಲ್ಲ ಪೀಸ್ ರೇಟ್. ಎಷ್ಟು ಹೊಲಿದರೆ ಅಷ್ಟು ದುಡ್ಡು.

ಚಾಚಾ ನನ್ನ ಹತ್ತಿರ ಒಂಬತ್ತು ವರ್ಷ ಇದ್ದರು. ಹಿಂದಿನ ಜೇಬಿನ ಮೇಲೆ ಹಳದಿ ದಾರದಲ್ಲಿ ಒಂದು ಬಾಗು ಹೊಲಿಯುತ್ತಿದ್ದರು. ಚಾಕ್ ಗುರುತಿಲ್ಲ, ರಟ್ಟಿನ ಅಚ್ಚಿಲ್ಲ. ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಸೂಜಿ ನಿಂತಲ್ಲೇ ಕುಣಿಯುತ್ತಿತ್ತು, ಬಟ್ಟೆ ಅದರ ಸುತ್ತ ನಡೆದು ಬರುತ್ತಿತ್ತು. ಎರಡು ಜೇಬು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ದಾರದ ಮೇಲೆ ದಾರ ಕೂತಿರುತ್ತಿತ್ತು. ಆ ಬಾಗನ್ನು ಆಗಾಗ ಬದಲಾಯಿಸುತ್ತಿದ್ದರು. ಒಮ್ಮೆ ಅಲೆ, ಒಮ್ಮೆ ಹಕ್ಕಿಯ ರೆಕ್ಕೆ. ನಾನು ಕೇಳುತ್ತಿರಲಿಲ್ಲ. ವ್ಯಾಪಾರಿಗಳೂ ಬೇಡ ಅನ್ನುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನನಗೆ ಬುದ್ಧಿ ಜಾಸ್ತಿಯಾಯಿತು. ಅಲ್ಲಿವರೆಗೆ ಒಬ್ಬೊಬ್ಬರೂ ಪೂರ್ತಿ ಪ್ಯಾಂಟ್ ಹೊಲಿಯುತ್ತಿದ್ದರು. ದೊಡ್ಡ ಫ್ಯಾಕ್ಟರಿ ನೋಡಿ ಬಂದು ಕೆಲಸ ಒಡೆದೆ. ಒಬ್ಬನಿಗೆ ಜಿಪ್, ಒಬ್ಬನಿಗೆ ಬೆಲ್ಟ್, ಒಬ್ಬನಿಗೆ ಕಾಲು ಜೋಡಿಸೋದು. ಚಾಚಾಗೆ ಜೇಬು. ಡಿಸೈನ್ ಒಂದೇ, ಅಚ್ಚಿನಿಂದ. ತಿಂಗಳು ಪೂರ್ತಿ ಬಂದವರಿಗೆ 500 ರೂಪಾಯಿ ಹೆಚ್ಚುವರಿ. ಮಾಲು ಜಾಸ್ತಿ ಬಂತು. ಎಲ್ಲರ ಸಂಪಾದನೆಯೂ ಏರಿತು, ಚಾಚಾದೂ. ಮೂರು ತಿಂಗಳಿಗೆ ಅವರು ಬಂದು, ಬೇರೆ ಕಡೆ ಹೋಗ್ತೀನಿ ಅಂದರು. ಅಲ್ಲಿ ಸಿಗೋದು ಕಡಿಮೆ ಅಂತ ನನಗೆ ಗೊತ್ತಿತ್ತು.

"ಚಾಚಾ, ರೇಟ್ ಸಾಲದಾಯ್ತೇನ್ರಿ?"

"ರೇಟ್ ಚೆನ್ನಾಗೈತಿ ಸಾಹುಕಾರ್ರೆ. ದಿನಾ ಇನ್ನೂರು ಜೇಬು ಹೊಲಿತೀನಿ. ಒಂದು ಪ್ಯಾಂಟೂ ಹೊಲಿಯಂಗಿಲ್ಲ ನೋಡ್ರಿ."

ವಯಸ್ಸಾಯಿತು, ತಲೆ ಸರಿ ಇಲ್ಲ ಅಂದುಕೊಂಡೆ. ಹೆಂಡತಿ ಹತ್ತಿರ ಹಾಗೇ ಹೇಳಿದ್ದೆ. ಮಗಳು ಕೇಳಿಸಿಕೊಂಡಿದ್ದಳು ಅಂತ ಮೊನ್ನೆ ಗೊತ್ತಾಯಿತು.

ಆವತ್ತಿನಿಂದ ರಾತ್ರಿ ಮೊಬೈಲಲ್ಲಿ ಈ ಮಾಸ್ಲೊ ಬಗ್ಗೆ ಓದುತ್ತಿದ್ದೇನೆ. ಪಾಪ, ಆ ತ್ರಿಕೋನವನ್ನು ಅವನು ಬರೆದೇ ಇಲ್ಲ. 1943ರ ಲೇಖನದಲ್ಲಿ ಚಿತ್ರವೇ ಇಲ್ಲ. 1960ರ ಸುಮಾರಿಗೆ ಮ್ಯಾನೇಜ್‌ಮೆಂಟ್‌ನವರು ಅದನ್ನು ಪಿರಮಿಡ್ ಮಾಡಿ ಹಂಚಿದರು. ಯಾಕೆ ಅಂತ ನನ್ನಂಥ ಮಾಲೀಕನಿಗೆ ಹೇಳಿಕೊಡಬೇಕಾ? ಕೆಲಸದವರು ಕೆಳಗಿನ ಅಂತಸ್ತಿನಲ್ಲಿದ್ದಾರೆ, ದುಡ್ಡು ಕೊಟ್ಟರೆ ಮುಗೀತು, ಮೇಲಿನದ್ದು ನಮ್ಮಂಥವರಿಗೆ. ಇಷ್ಟು ಅನುಕೂಲವಾದ ಚಿತ್ರ ಇನ್ನೊಂದಿಲ್ಲ.

ಮಾಸ್ಲೊ ಹೇಳಿದ್ದು ಇಷ್ಟು ಗಟ್ಟಿ ಮೆಟ್ಟಿಲಲ್ಲ. ಒಂದು ಪೂರ್ತಿ ಮುಗಿದ ಮೇಲೇ ಇನ್ನೊಂದು ಅಂತ ತಿಳಿಯಬೇಡಿ ಅಂತ ಅದೇ ಲೇಖನದಲ್ಲಿ ಬರೆದಿದ್ದಾನೆ. ಸುಮ್ನೆ ಉದಾಹರಣೆಗೆ ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ಒಬ್ಬ ಸಾಮಾನ್ಯ ಮನುಷ್ಯನಿಗೆ ಹೊಟ್ಟೆಯ ಅಗತ್ಯ 85 ಪರ್ಸೆಂಟ್ ತೀರಿರಬಹುದು, ಭದ್ರತೆ 70, ಪ್ರೀತಿ 50, ಮರ್ಯಾದೆ 40, ತುದಿಯದ್ದು 10. ಅಂದರೆ ಐದೂ ಒಟ್ಟಿಗೇ ನಡೆಯುತ್ತಿರುತ್ತವೆ, ಒಂದು ಜಾಸ್ತಿ, ಒಂದು ಕಡಿಮೆ. ಕೆಲವರಲ್ಲಿ ಈ ಸಾಲೇ ತಿರುವುಮುರುವು ಇರುತ್ತದೆ ಅಂತಲೂ ಒಪ್ಪಿಕೊಂಡಿದ್ದಾನೆ.

ಹಾಗಂತ ಹಸಿವು ಸಣ್ಣದು ಅನ್ನೋಕೆ ನಾನು ತಯಾರಿಲ್ಲ. ಬಳ್ಳಾರಿಯವನು ಹಾಗೆ ಹೇಳಬಾರದು. 1876ರ ಧಾತು ಸಂವತ್ಸರದ ಬರ ಈ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ತಟ್ಟೆಯಲ್ಲಿ ರೊಟ್ಟಿ ಚೂರು ಬಿಟ್ಟರೆ ನಮ್ಮಜ್ಜಿ ಈಗಲೂ ಕಣ್ಣು ಬಿಡುತ್ತಾಳೆ. ರೊಟ್ಟಿ ಇಲ್ಲದಾಗ ಮನುಷ್ಯ ರೊಟ್ಟಿಗಾಗಿಯೇ ಬದುಕುತ್ತಾನೆ ಎಂಬ ಅರ್ಥದ ಮಾತು ಮಾಸ್ಲೊನಲ್ಲೂ ಇದೆ. 1945ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ. ಹುಡುಗರಿಗೆ ಗೆಳೆತನ, ಓದು, ಹೆಣ್ಣು ಯಾವುದೂ ಬೇಡವಾಯಿತು. ಕೂತಲ್ಲಿ ನಿಂತಲ್ಲಿ ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು.

ಅಲ್ಲಿಗೆ ಮೆಟ್ಟಿಲೇ ಸರಿ ಅನ್ನಬೇಕು. ಆದರೆ ಆ 36 ಜನ ಯಾರು ಗೊತ್ತಾ? ಕೊಲ್ಲುವುದಕ್ಕೆ ಮನಸ್ಸು ಒಪ್ಪದೆ ಯುದ್ಧಕ್ಕೆ ಹೋಗಲ್ಲ ಅಂದವರು. ಯುದ್ಧ ಮುಗಿದ ಮೇಲೆ ಹಸಿದವರಿಗೆ ಹೇಗೆ ಉಣಿಸಬೇಕು ಅಂತ ತಿಳಿಯಲಿ ಅಂತ ತಾವಾಗಿ ಹಸಿವನ್ನು ಒಪ್ಪಿಕೊಂಡವರು. ಈಗ ಇವರನ್ನು ಯಾವ ಅಂತಸ್ತಿನಲ್ಲಿ ಕೂರಿಸೋದು?

ನಮ್ಮ ಯೂನಿಟ್‌ನಲ್ಲಿ ದಾರ ಕತ್ತರಿಸುವ ಅಕ್ಕ ಒಬ್ಬಳಿದ್ದಾಳೆ. ತವರು ಕೊಪ್ಪಳದ ಕಡೆ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂತೆಂದರೆ ರಜೆ ಕೇಳುತ್ತಾಳೆ. ಪಗಾರ ಹೋಗುತ್ತೆ, 500ನ್ನೂ ಕಳೆದುಕೊಳ್ಳುತ್ತಾಳೆ. ಊರಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಜೋಳದ ರೊಟ್ಟಿ ಬಡಿದು ದಾಸೋಹಕ್ಕೆ ಟ್ರ್ಯಾಕ್ಟರ್‌ನಲ್ಲಿ ಕಳಿಸುತ್ತಾರೆ. "ನಿನ್ನ ಮನೇಲೇ ಹಿಟ್ಟು ಅಷ್ಟಕ್ಕಷ್ಟೇ, ಯಾಕವ್ವ ಇದು" ಅಂತ ಒಮ್ಮೆ ಕೇಳಿದ್ದೆ. "ಎಲ್ಲಾರ ಮನಿ ರೊಟ್ಟಿ ಹೋಗತೈತ್ರಿ ಅಣ್ಣಾರೆ, ನಂದೊಂದು ಹೋಗಬಾರದಾ?" ಅಂದಳು. ಅವಳದು ಭಕ್ತಿ. ನಾನು ಅದನ್ನು ಥಿಯರಿ ಮಾಡಿದರೆ ನಗುತ್ತಾಳೆ.

ಮಾಸ್ಲೊ ಕೂಡ ಇಂಥದ್ದನ್ನು ಕಂಡಿದ್ದ. 1938ರ ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿಗಳ ನಡುವೆ ಕೆಲವು ವಾರ ಇದ್ದು ಬಂದ. ಅಲ್ಲಿ ದೊಡ್ಡ ಶ್ರೀಮಂತ ಅಂದರೆ ಕೂಡಿಟ್ಟವನಲ್ಲ, ಎಲ್ಲರೆದುರು ಎಲ್ಲವನ್ನೂ ಹಂಚಿ ಬರಿಗೈಲಿ ನಿಂತವನು.

ಚಾಚಾ ಕತೆಗೆ ಸರಿಯಾಗಿ ಕೂರೋದು ಮಾಸ್ಲೊಗಿಂತ ಆಮೇಲೆ ಬಂದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರ ಮಾತು. ಅವರಲ್ಲಿ ಮೆಟ್ಟಿಲೇ ಇಲ್ಲ. ಮನಸ್ಸಿಗೆ ಬೇಕಾದ್ದು ಮೂರು ಅನ್ನುತ್ತಾರೆ. ತಾನೇ ನಿರ್ಧರಿಸಿ ಮಾಡಿದೆ ಅನ್ನೋದು, ನನ್ನ ಕೈಲಾಗುತ್ತೆ ಅನ್ನೋದು, ನನಗೆ ನಾಲ್ಕು ಜನ ಇದ್ದಾರೆ ಅನ್ನೋದು. ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಜಾಸ್ತಿ ಕೊಟ್ಟರೆ ಸರಿಹೋಗುವುದಿಲ್ಲ. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗ ಓದಿ ನನಗೆ ಕಸಿವಿಸಿಯಾಯಿತು. ಕಾಲೇಜು ಹುಡುಗರಿಗೆ ಬಿಡಿಸೋಕೆ ಒಗಟಿನ ತುಂಡುಗಳನ್ನು ಕೊಟ್ಟ. ಖುಷಿಗೆ ಆಡುತ್ತಿದ್ದರು. ಮಾರನೇ ಸಲ ಅರ್ಧ ಹುಡುಗರಿಗೆ ಬಿಡಿಸಿದ್ದಕ್ಕೆ ಒಂದೊಂದು ಡಾಲರ್ ಕೊಟ್ಟ. ಮೂರನೇ ಸಲ ದುಡ್ಡು ನಿಲ್ಲಿಸಿದ. ದುಡ್ಡು ಕಂಡವರು ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮೊದಲಿನಷ್ಟು ಮುಟ್ಟಲಿಲ್ಲ.

ಎಲ್ಲರೂ ಚಾಚಾ ಅಲ್ಲ, ಅದನ್ನೂ ಹೇಳಬೇಕು. ಜಿಪ್ ಹಾಕುವ ಹುಡುಗನಿಗೆ ಹೊಸ ಪದ್ಧತಿ ಸಖತ್ ಇಷ್ಟ. ತಂಗಿ ಮದುವೆ ಇದೆ, ಸಾಲ ಇದೆ. ತಲೆ ಓಡಿಸದೆ ಕೈ ಓಡಿಸಿದರೆ ಸಾಕು, ಕಿವಿಯಲ್ಲಿ ಹಾಡು. ಅವನ ಮುಂದೆ ಹೋಗಿ ಪೂರ್ತಿ ಪ್ಯಾಂಟ್ ಹೊಲಿದು ಆತ್ಮತೃಪ್ತಿ ಪಡೆಯಪ್ಪ ಅಂದರೆ ಬೈಯುತ್ತಾನೆ. ಬೈಯಲೇಬೇಕು. ಕಡಿಮೆ ದುಡ್ಡು ಕೊಡೋಕೆ ನೆಪ ಹುಡುಕುವ ಮಾಲೀಕರು ಈ ಮೂರು ಅಗತ್ಯಗಳನ್ನೂ ಚೆನ್ನಾಗಿ ಬಳಸಿಕೊಂಡಾರು. ನನ್ನ ತಪ್ಪು ಇಷ್ಟೇ: ಹನ್ನೊಂದು ಜನರಿಗೆ ಒಂದೇ ಅಳತೆಯ ಪ್ಯಾಟರ್ನ್ ಇಟ್ಟು ಕತ್ತರಿಸಿದೆ. ಸೊಂಟದ ಅಳತೆ ನೋಡದೆ ಪ್ಯಾಂಟ್ ಹೊಲಿಯದವನು ಮನುಷ್ಯರ ವಿಷಯದಲ್ಲಿ ಅದನ್ನೇ ಮಾಡಿದೆ.

ಈಗ ಎರಡು ಮಿಷಿನ್ ಬೇರೆ ಇಟ್ಟಿದ್ದೇನೆ. ಬೇಕಾದವರು ಪೂರ್ತಿ ಪೀಸ್ ಹೊಲಿಯಬಹುದು, ರೇಟ್ ಬೇರೆ. ಇಬ್ಬರು ಬಂದಿದ್ದಾರೆ. ಲಾಭವೋ ನಷ್ಟವೋ ದೀಪಾವಳಿ ಹೊತ್ತಿಗೆ ಗೊತ್ತಾಗುತ್ತೆ.

ಬುಧವಾರ ಚಾ ಅಂಗಡಿಯಲ್ಲಿ ಚಾಚಾ ಸಿಕ್ಕರು. ನಮ್ಮ ಯೂನಿಟ್ಟಿನದೇ ಪ್ಯಾಂಟ್ ಹಾಕಿದ್ದೆ. ಸಲಾಂ ಹೇಳಿ, ಗ್ಲಾಸು ಕೆಳಗಿಟ್ಟು, ನನ್ನನ್ನು ಹಿಂದಕ್ಕೆ ತಿರುಗಿಸಿದರು. ಜೇಬಿನ ಮೇಲೆ ಹೆಬ್ಬೆರಳು ಓಡಿಸಿದರು.

"ಇದನ್ನ ಯಾರು ಹೊಲಿದಿದ್ದು?"

"ಹೊಸ ಹುಡುಗ, ಚಾಚಾ."

"ತಿರುವಿನಲ್ಲಿ ಬಟ್ಟೆ ಎಳಿತಾನ. ಎಳೀಬಾರದು, ಬಿಡಬೇಕು." ಒಂದು ಗುಟುಕು ಚಾ ಕುಡಿದರು. "ಶುಕ್ರವಾರ ನಮಾಜ್ ಮುಗಿಸಿಕೊಂಡು ಬರ್ತೀನಿ. ಹುಡುಗನ್ನ ಇರಾಕ ಹೇಳ್ರಿ."